ಬೆಲ್ಲದ ಮಂಡಿಯ ಸರ್ವರ್ ಮತ್ತು ಅರ್ಧ ನಿಮಿಷದ ಲೆಕ್ಕ

ಗುಮಾಸ್ತರ ಫೋನ್ ಬಂದಾಗ ನಾಲ್ಕು ಗಂಟೆಗೆ ಹತ್ತು ನಿಮಿಷ ಇತ್ತು. ಏಪ್ರಿಲ್ ತಿಂಗಳು. ಮೈಸೂರಿನಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಮಂಡ್ಯದಲ್ಲಿ ಆಗಲೇ ಗುಡುಗು ಮಳೆ ಹೊಡೆದು ನಿಂತಿತ್ತಂತೆ.

"ಕರೆಂಟ್ ಹೋಗಿ ಬಂತು ಕಣಪ್ಪ. ಯುಪಿಎಸ್ಸು ಕುಯ್ ಅಂತು, ಆರೋಯ್ತು. ಈಗ ಕಂಪ್ಯೂಟ್ರು ಆನ್ ಆಗೈತೆ, ಬಿಲ್ ಹಾಕೋ ಪೇಜು ಮಾತ್ರ ತೆರೀತಾನೇ ಇಲ್ಲ."

"ಯಾರೂ ಏನೂ ಮುಟ್ಟಬೇಡಿ ಅಣ್ಣ, ನಾನು ನೋಡ್ತೀನಿ" ಅಂದೆ. ಮನೆಯಿಂದಲೇ ಸರ್ವರ್‌ಗೆ ಲಾಗಿನ್ ಆಗಿ, ಲೆಕ್ಕ ಇಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಲಾಗ್ ತೆರೆದೆ. ಕೊನೆಯ ಸಾಲಿನಲ್ಲಿ ಪ್ಯಾನಿಕ್ ಅಂತ ಇತ್ತು. ಸರಿಯಾದ ಚೆಕ್‌ಪಾಯಿಂಟ್ ದಾಖಲೆ (ಎಲ್ಲಿಯವರೆಗಿನ ಲೆಕ್ಕ ಡಿಸ್ಕಿಗೆ ಹೋಗಿದೆ ಅನ್ನುವ ಗುರುತು) ಸಿಗುತ್ತಿಲ್ಲ ಅನ್ನೋದು ಅದರ ತಾತ್ಪರ್ಯ. ಡೇಟಾಬೇಸ್ ನೋಡಿಕೊಳ್ಳುವವರಿಗೆ ಆ ಸಾಲು ಓದಿದ ತಕ್ಷಣ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಡೇಟಾಬೇಸ್ ಇರುವ ವಿಎಂ (ವರ್ಚುವಲ್ ಮಷೀನ್, ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ನಿಲ್ಲಿಸಿ, ಲ್ಯಾಪ್‌ಟಾಪ್ ಮತ್ತು ಒಂದು ಖಾಲಿ ಹಾರ್ಡ್ ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ಸಬರ್ಬನ್ ಬಸ್ ನಿಲ್ದಾಣಕ್ಕೆ ಹೊರಟೆ.

ಮಂಡಿ ನನ್ನ ಸೋದರಮಾವನದು. ಮಂಡ್ಯದ ಎಪಿಎಂಸಿ ಮಾರುಕಟ್ಟೆ ಬೆಲ್ಲಕ್ಕೆ ಹೆಸರಾದದ್ದು. ಸುತ್ತಲಿನ ಆಲೆಮನೆಗಳಿಂದ ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಬಂದು ಇಳಿಯುತ್ತವೆ. ತೂಕ ಆಗಬೇಕು, ರೇಟ್ ಕೂಗಬೇಕು, ಹಮಾಲಿ ಕಳೆಯಬೇಕು, ಮುಂಗಡ ಇಸ್ಕೊಂಡಿದ್ದರೆ ಅದನ್ನೂ ಮುರಿಯಬೇಕು. ಬೆಳಿಗ್ಗೆ ಬೆಲ್ಲ ತಂದ ರೈತ ಸಂಜೆಯೊಳಗೆ ಲೆಕ್ಕ ಕೈಗೆ ಬರಲಿ ಅಂತ ಕಾಯುತ್ತಾನೆ. ಈ ಲೆಕ್ಕಕ್ಕೆ ಅಂತಲೇ ನಾನು ಅಲ್ಲಿ ಒಂದು ಟವರ್ ಪಿಸಿ ಇಟ್ಟಿದ್ದೆ. 32 ಜಿಬಿ ಮೆಮೊರಿ, 1 ಟಿಬಿ ಸಾಟಾ ಎಸ್‌ಎಸ್‌ಡಿ. ಮೇಲೆ ವಿಎಂಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್ ಅನ್ನೋ ವ್ಯವಸ್ಥೆ, ಅದರೊಳಗೆ ಎರಡು ವಿಎಂ. ಒಂದರಲ್ಲಿ ಲಿನಕ್ಸ್, ಪೋಸ್ಟ್‌ಗ್ರೆಸ್ ಮತ್ತು ನಾನೇ ಬರೆದ ಬಿಲ್ಲಿಂಗ್. ಇನ್ನೊಂದರಲ್ಲಿ ವಿಂಡೋಸ್, ಆಡಿಟರ್‌ಗೆ ಬೇಕಾದ ಟ್ಯಾಲಿ. ರಾತ್ರಿ ಒಂದು ಗಂಟೆಗೆ ಎರಡೂ ವಿಎಂ ಬೇರೆ ಡಿಸ್ಕಿಗೆ ಬ್ಯಾಕಪ್ ಆಗುತ್ತವೆ.

ಮಂಡಿಗೆ ಹೋದಾಗ ಕತ್ತಲಾಗುತ್ತಾ ಬಂದಿತ್ತು. ಮೊದಲ ಕೆಲಸ, ಆ ವಿಎಂನ ಕೆಟ್ಟ ಡಿಸ್ಕಿನ ಪೂರ್ತಿ ನಕಲು. ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ಗಾಬರಿಯಲ್ಲಿ ಎಲ್ಲರ ಕೈಯೂ ರಿಪೇರಿ ಕಮಾಂಡಿಗೇ ಹೋಗುತ್ತದೆ. ಅದು ಮೂಲ ಡಿಸ್ಕಿನ ಮೇಲೆ ನಡೆದರೆ ಇದ್ದ ಅಲ್ಪಸ್ವಲ್ಪ ಸುಳಿವೂ ಹೋಗುತ್ತದೆ. ನಕಲು ಮುಗಿಯಲು ಮುಕ್ಕಾಲು ಗಂಟೆ ಬೇಕಾಯಿತು. ಮಾವ ಎರಡು ಸಲ ಟೀ ತರಿಸಿದರು. ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಜಾಸ್ತಿ ಕಷ್ಟವಾಯಿತು.

ನಕಲಿನ ಮೇಲೆ ಪೋಸ್ಟ್‌ಗ್ರೆಸ್‌ನ ರೀಸೆಟ್ ಕಮಾಂಡ್ ಓಡಿಸಿದೆ. ಡೇಟಾಬೇಸ್ ಎದ್ದಿತು. ಒಂದು ಕ್ಷಣ ಎಲ್ಲಾ ಸರಿಹೋಯ್ತು ಅನ್ನಿಸಿತು. ಆಮೇಲೆ ಸಾಲುಗಳನ್ನು ನೋಡುತ್ತಾ ಹೋದೆ. ಒಂದು ಬಿಲ್ಲಿನ ನಂಬರ್ ಇದೆ, ಅದರ ಒಳಗಿನ ತೂಕದ ಸಾಲುಗಳಿಲ್ಲ. ಒಬ್ಬ ರೈತರ ಮುಂಗಡ ಇಂಡೆಕ್ಸ್ ಮೂಲಕ ಹುಡುಕಿದರೆ ಒಂದು ಮೊತ್ತ, ಟೇಬಲ್ ಪೂರ್ತಿ ಓದಿಸಿದರೆ ಇನ್ನೊಂದು ಮೊತ್ತ. ಇಂಥ ಡೇಟಾಬೇಸ್ ನಿಂತುಹೋದ ಡೇಟಾಬೇಸಿಗಿಂತ ಅಪಾಯ. ನಿಂತದ್ದು ನಿಂತಿದೆ ಅಂತ ಗೊತ್ತಾಗುತ್ತದೆ. ಇದು ಓಡುತ್ತಲೇ ಯಾರದೋ ದುಡ್ಡು ಯಾರಿಗೋ ಬರೆಯುತ್ತದೆ.

ಹಿಂದಿನ ರಾತ್ರಿಯ ಬ್ಯಾಕಪ್ ವಾಪಸ್ ಹಾಕೋದು ಅಂತ ತೀರ್ಮಾನ ಮಾಡಿದೆ. ಅಲ್ಲಿಗೆ ಆ ದಿನದ ಬೆಳಗಿನಿಂದ ಮಧ್ಯಾಹ್ನದವರೆಗಿನ ಲೆಕ್ಕ ಹೊಸದಾಗಿ ಹೊಡೆಯಬೇಕು.

ಉಳಿಸಿದ್ದು ತೂಕದ ಚೀಟಿಗಳು. ಗುಮಾಸ್ತರು ಕಂಪ್ಯೂಟರ್ ಬಂದ ಮೇಲೂ ಚೀಟಿ ಬರೆಯೋದು ಬಿಟ್ಟಿರಲಿಲ್ಲ. ಗೋಡೆಗೆ ಹೊಡೆದ ಒಂದು ದಪ್ಪ ತಂತಿ ಇದೆ, ತುದಿ ಮೇಲಕ್ಕೆ ಬಾಗಿದೆ. ಬರೆದ ಚೀಟಿ ಎಲ್ಲಾ ಅದಕ್ಕೆ ಚುಚ್ಚುತ್ತಾರೆ. ಆ ದಿನದ್ದು 47 ಇದ್ದವು. ಬೆಲ್ಲ ಮುಟ್ಟಿದ ಕೈಯಲ್ಲೇ ಬರೆದ ಚೀಟಿಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಅವರು ನಿಧಾನ ಬಿಡಿಸಿ, ಕನ್ನಡಕ ಹಣೆಗೇರಿಸಿ, ಕಣ್ಣ ಹತ್ತಿರ ಹಿಡಿದು ಓದೋದು, ನಾನು ಟೈಪ್ ಮಾಡೋದು. ಒಂದು ಚೀಟಿ ಮಳೆಗೆ ಒದ್ದೆಯಾಗಿ 38 ಕೆಜಿಯೋ 88 ಕೆಜಿಯೋ ಗೊತ್ತಾಗಲಿಲ್ಲ. ಆ ರೈತರಿಗೇ ಫೋನ್ ಮಾಡಿ ಕೇಳಿದೆವು. ಅವರು ಸುಮ್ನೆ ಒಂದು ಮಾತು ಹೇಳಿದರು: "ನಿಮ್ಮ ಕಂಪ್ಯೂಟ್ರು ಕೊಟ್ಟ ಪ್ರಿಂಟೇ ನನ್ನತ್ರ ಐತಲ್ಲ ಸ್ವಾಮಿ, 88 ಅಂತೈತೆ."

ಆಗ ಮಾವ ಮೊದಲ ಸಲ ಬಾಯಿಬಿಟ್ಟರು. "ಅಲ್ಲ ಕಣ್ಲಾ ಮಗ, ಕಂಪ್ಯೂಟ್ರು ಬರ್ಕೊಂಡೆ ಅಂದಿದ್ಕೇ ತಾನೆ ಪ್ರಿಂಟ್ ಕೊಟ್ಟಿದ್ದು? ಪ್ರಿಂಟ್ ಕೊಟ್ಮೇಲೆ ಬರ್ಕೊಂಡೇ ಇಲ್ಲ ಅಂದ್ರೆ ಹೆಂಗ್ಲಾ?"

ಇಡೀ ವಿಷಯ ಈ ಒಂದು ಪ್ರಶ್ನೆಯಲ್ಲಿದೆ. ನನ್ನ ಪ್ರೋಗ್ರಾಂ ಸುಳ್ಳು ಹೇಳಿರಲಿಲ್ಲ. ಪೋಸ್ಟ್‌ಗ್ರೆಸ್ ಕಮಿಟ್ ಆಯ್ತು, ಅಂದರೆ ಪಕ್ಕಾ ಬರೆದಾಯ್ತು, ಅಂದ ಮೇಲೆಯೇ ಪ್ರಿಂಟ್ ಹೋಗಿತ್ತು. ಪೋಸ್ಟ್‌ಗ್ರೆಸ್ಸೂ ಸುಳ್ಳು ಹೇಳಿರಲಿಲ್ಲ, ಅದು ಡಿಸ್ಕನ್ನು ಕೇಳಿ, ಡಿಸ್ಕ್ ಹೂಂ ಅಂದ ಮೇಲೆಯೇ ಕಮಿಟ್ ಅಂದಿತ್ತು. ನಡುವೆ ಯಾರೋ ಒಬ್ಬರು ಕೈಯಲ್ಲಿಟ್ಟುಕೊಂಡದ್ದನ್ನೇ ಖಾತೆಗೆ ಹತ್ತಿತು ಅಂದಿದ್ದಾರೆ.

ಡಿಸ್ಕಿಗೆ ಬರೆಯುವ ಮುಂಚೆ ಡೇಟಾವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗಕ್ಕೆ ಕಂಪ್ಯೂಟರ್‌ನವರು ಕ್ಯಾಶ್ ಅಂತಾರೆ. ಮಂಡಿಯಲ್ಲಿ ಕ್ಯಾಶ್ ಅಂದರೆ ಗಲ್ಲಾದ ದುಡ್ಡು. ಅದಕ್ಕೇ ಮಾವನ ಮುಂದೆ ಆ ಪದ ಎತ್ತದೆ ಹೀಗೆ ಹೇಳಿದೆ. ತೂಕದವನು ಕೂಗುತ್ತಾನೆ. ಚೀಟಿ ಬರೆಯುವವನು ಬರೆಯುತ್ತಾನೆ. ಗುಮಾಸ್ತರು ಚೀಟಿ ನೋಡಿ ಖಾತೆಗೆ ಏರಿಸುತ್ತಾರೆ. ಪ್ರತಿ ಚೀಟಿಗೂ ಎದ್ದು ಹೋಗಿ ಖಾತೆ ತೆರೆದರೆ ದಿನ ಸಾಲದು. ಹತ್ತು ಚೀಟಿ ಸೇರಿಸಿಕೊಂಡು ಒಟ್ಟಿಗೆ ಏರಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ನೀವು "ಈ ರೈತನ ಲೆಕ್ಕ ಈಗಲೇ ಏರಿಸಿ, ದುಡ್ಡು ಕೊಡ್ಬೇಕು" ಅಂತ ಕೂಗಿದಾಗ ಅವರು ಏರಿಸಿಯೇ ಹೂಂ ಅನ್ನಬೇಕು. ಏರಿಸದೇ ಹೂಂ ಅಂದರೆ? ಮಳೆ ಬಂದು ಚೀಟಿ ಹಾರಿ ಹೋದರೆ? ನಮ್ಮ ಸರ್ವರ್‌ನಲ್ಲಿ ಆದದ್ದು ಅದೇ.

ಆ "ಈಗಲೇ ಏರಿಸಿ" ಅನ್ನುವ ಕೂಗಿಗೆ ಕಂಪ್ಯೂಟರ್ ಭಾಷೆಯಲ್ಲಿ ಫ್ಲಶ್ ಅಂತಾರೆ. ಪೋಸ್ಟ್‌ಗ್ರೆಸ್ ಕಮಿಟ್ ಮಾಡುವಾಗ ಎಫ್‌ಸಿಂಕ್ ಕರೆಯುತ್ತದೆ, ಈ ಫೈಲನ್ನು ಡಿಸ್ಕಿಗೆ ಬರೆದು ಮುಗಿಸು ಅಂತ ಲಿನಕ್ಸ್‌ಗೆ ಹೇಳುವ ಕರೆ ಅದು. ಗೆಸ್ಟ್, ಅಂದರೆ ವಿಎಂ, ಒಳಗಿನ ಲಿನಕ್ಸ್ ಅದನ್ನು ಫ್ಲಶ್ ಮಾಡಿ ಡಿಸ್ಕಿಗೆ ಕಳಿಸುತ್ತದೆ. ವಿಎಂ ಅಲ್ಲದ ಮಾಮೂಲಿ ಪಿಸಿಯಲ್ಲಿ ಅದು ನೇರ ಎಸ್‌ಎಸ್‌ಡಿಗೆ ಹೋಗುತ್ತದೆ. ವಿಎಂನಲ್ಲಿ ಗೆಸ್ಟ್ ಡಿಸ್ಕ್ ಅಂದುಕೊಂಡಿರುವುದು ನಿಜವಾದ ಡಿಸ್ಕಲ್ಲ, ಕ್ಯೂಎಮು ಅನ್ನೋ ಪ್ರೋಗ್ರಾಂ. ಆ ಫ್ಲಶ್ಶನ್ನು ಕೆಳಕ್ಕೆ ದಾಟಿಸುವುದೂ ಬಿಡುವುದೂ ಕ್ಯೂಎಮು ಕೈಯಲ್ಲಿದೆ. ಅದಕ್ಕೆ ಏನು ಹೇಳಿಕೊಟ್ಟಿದ್ದೇವೆ ಅನ್ನೋದೇ ಕ್ಯಾಶ್ ಮೋಡ್.

ಈಗ ಜನವರಿಗೆ ಹೋಗಬೇಕು. ಆಗ ಎಂಟು ವರ್ಷದ ಹಳೇ ಲೆಕ್ಕವನ್ನು ಹೊಸ ಡೇಟಾಬೇಸಿಗೆ ತುಂಬುತ್ತಿದ್ದೆ. 20 ಲಕ್ಷದ ಹತ್ತಿರ ಸಾಲುಗಳು. ನನ್ನ ಸ್ಕ್ರಿಪ್ಟ್ ಪ್ರತಿ ಸಾಲಿಗೂ ಒಂದು ಕಮಿಟ್ ಮಾಡುತ್ತಿತ್ತು. ಈ ಎಸ್‌ಎಸ್‌ಡಿ ಸೆಕೆಂಡಿಗೆ 300ರ ಆಸುಪಾಸು ಫ್ಲಶ್ ಮಾಡುತ್ತಿತ್ತು. ಲೆಕ್ಕ ಹಾಕಿ, ಎರಡು ಗಂಟೆ ಹತ್ತಿರ ಆಗುತ್ತದೆ. ಪ್ರಾಕ್ಸ್‌ಮಾಕ್ಸ್‌ನ ಡಿಸ್ಕ್ ಸೆಟ್ಟಿಂಗ್‌ನಲ್ಲಿ ರೈಟ್‌ಬ್ಯಾಕ್ ಅನ್‌ಸೇಫ್ ಅಂತ ಒಂದು ಆಯ್ಕೆ ಇದೆ, ಅದರಲ್ಲಿ ಕ್ಯೂಎಮು ಫ್ಲಶ್ಶನ್ನು ಕೆಳಕ್ಕೆ ದಾಟಿಸುವುದೇ ಇಲ್ಲ. ಅದನ್ನು ಹಾಕಿ ವಿಎಂ ಶುರು ಮಾಡಿದೆ. ಒಂಬತ್ತು ನಿಮಿಷದಲ್ಲಿ ಮುಗಿಯಿತು. ತುಂಬುವ ಕೆಲಸಕ್ಕೆ ಅದು ತಪ್ಪಲ್ಲ, ಕೆಟ್ಟರೆ ಮತ್ತೆ ಮೊದಲಿಂದ ತುಂಬಬಹುದು. ಮುಗಿದ ಮೇಲೆ ಫ್ಲಶ್ ದಾಟಿಸುವ ನೋ ಕ್ಯಾಶ್ ಅನ್ನೋ ಮೋಡ್‌ಗೆ ವಾಪಸ್ ಬದಲಾಯಿಸಿದೆ. ಬದಲಾಯಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. ಒಳಗೆ ಹೋಗಿ ರೀಬೂಟ್ ಕೂಡ ಮಾಡಿದ್ದೆ.

ಹಾಗಾಗಿ ಏಪ್ರಿಲ್‌ನಲ್ಲಿ ಮೊದಲು ಅನುಮಾನ ಬಂದದ್ದು ಎಸ್‌ಎಸ್‌ಡಿ ಮೇಲೆ. ಸೆಟ್ಟಿಂಗ್ ತೆರೆದು ನೋಡಿದೆ, ನೋ ಕ್ಯಾಶ್ ಅಂತಲೇ ಇತ್ತು. ಎರಡು ದಿನ ಎಸ್‌ಎಸ್‌ಡಿಯನ್ನೇ ಬೈದೆ. ಹೊಸದು ಆರ್ಡರ್ ಮಾಡುವ ಹಂತಕ್ಕೂ ಹೋಗಿದ್ದೆ.

ಮೂರನೇ ದಿನ ಮೈಸೂರಿನ ಮನೆಯಲ್ಲಿ ಕೂತು ಬ್ಯಾಕಪ್ ಲಾಗ್‌ಗಳನ್ನು ಓದುತ್ತಿದ್ದೆ. ಕರೆಂಟ್ ಹೋದ ದಿನದ ಹಿಂದಿನ ರಾತ್ರಿಯದು ಮೊದಲು, ಆಮೇಲೆ ಅದಕ್ಕೂ ಹಿಂದಿನದು. ಪ್ರತಿ ರಾತ್ರಿಯ ಲಾಗ್‌ನಲ್ಲೂ ಒಂದೇ ಸಾಲು. ಜಾರಿಗೆ ಬರದ ಸೆಟ್ಟಿಂಗ್ ಬದಲಾವಣೆಗಳಿವೆ, ಅವನ್ನು ಬ್ಯಾಕಪ್‌ಗೆ ಸೇರಿಸಿಲ್ಲ ಅಂತ. ಜನವರಿಯಿಂದ ದಿನವೂ. ಬ್ಯಾಕಪ್ ಯಶಸ್ವಿ ಅಂತ ಮೇಲ್ ಬರುತ್ತಿತ್ತು, ಒಳಗಿನ ಸಾಲು ನಾನು ಓದಿರಲಿಲ್ಲ. ಬ್ಯಾಕಪ್ ಒಳಗಿದ್ದ ಸೆಟ್ಟಿಂಗ್ ಫೈಲ್ ತೆಗೆದು ನೋಡಿದೆ. ಡಿಸ್ಕಿನ ಸಾಲಿನ ಕೊನೆಯಲ್ಲಿ ಕ್ಯಾಶ್ ಈಕ್ವಲ್ಸ್ ಅನ್‌ಸೇಫ್.

ಆದದ್ದು ಇಷ್ಟು. ಕ್ಯಾಶ್ ಮೋಡ್ ಅನ್ನೋದು ಕ್ಯೂಎಮು ಶುರುವಾಗುವಾಗ ಅದಕ್ಕೆ ಕೊಡುವ ಸೂಚನೆ. ಓಡುತ್ತಿರುವ ವಿಎಂಗೆ ಬದಲಾಯಿಸಿದರೆ ಪ್ರಾಕ್ಸ್‌ಮಾಕ್ಸ್ ಅದನ್ನು ಪೆಂಡಿಂಗ್ ಅಂತ ಬದಿಗಿಡುತ್ತದೆ. ಗೆಸ್ಟ್ ಒಳಗಿಂದ ರೀಬೂಟ್ ಅಂತ ಹೊಡೆದರೆ ಗೆಸ್ಟ್‌ನ ಲಿನಕ್ಸ್ ಮಾತ್ರ ಮತ್ತೆ ಶುರುವಾಗುತ್ತದೆ. ಹೊರಗಿನ ಕ್ಯೂಎಮು ಅದೇ ಹಳೇ ಪ್ರಾಣ, ಅದೇ ಹಳೇ ಸೂಚನೆ. ಪೂರ್ತಿ ಶಟ್‌ಡೌನ್ ಮಾಡಿ ಸ್ಟಾರ್ಟ್ ಮಾಡಬೇಕಿತ್ತು, ಇಲ್ಲಾ ಪ್ರಾಕ್ಸ್‌ಮಾಕ್ಸ್‌ನ ಪುಟದಲ್ಲಿರುವ ರೀಬೂಟ್ ಬಟನ್ ಒತ್ತಬೇಕಿತ್ತು. ಕರ್ನಲ್ ಅಪ್‌ಡೇಟ್‌ಗೆ ಅಂತ ಅದಾದ ಮೇಲೂ ಎರಡು ಸಲ ಒಳಗಿಂದಲೇ ರೀಬೂಟ್ ಮಾಡಿದ್ದೆ. ಮೂರು ತಿಂಗಳು ಮಂಡಿಯ ಲೆಕ್ಕ ಅನ್‌ಸೇಫ್ ಮೇಲೆ ಓಡಿತ್ತು. ಕರೆಂಟ್ ಹೋಗಿ ಹೋಸ್ಟೇ (ವಿಎಂಗಳನ್ನು ಓಡಿಸುವ ಆ ಪಿಸಿಯೇ) ಬಿದ್ದು ಎದ್ದಾಗ ಪೆಂಡಿಂಗ್ ಬದಲಾವಣೆ ತಾನಾಗೇ ಜಾರಿಗೆ ಬಂತು. ನಾನು ನೋಡುವ ಹೊತ್ತಿಗೆ ಎಲ್ಲಾ ಸರಿಯಾಗಿ ಕಾಣುತ್ತಿತ್ತು. ತಪ್ಪು ಮಾಡಿದ್ದೂ ನಾನೇ, ಗುರುತು ಅಳಿಸಿಹೋಗಿದ್ದರಿಂದ ಬೇರೆಯದನ್ನು ಬೈದದ್ದೂ ನಾನೇ.

ಈಗ ನಾನು ಸೆಟ್ಟಿಂಗ್ ಪುಟವನ್ನು ನಂಬುವುದಿಲ್ಲ. ಕ್ಯೂಎಮುಗೆ ನೇರ ಕಮಾಂಡ್ ಕೊಡುವ, ವಿಎಂನ ಮಾನಿಟರ್ ಅನ್ನೋ ಕಿಂಡಿಗೆ ಹೋಗಿ ಇನ್ಫೋ ಬ್ಲಾಕ್ ಅಂತ ಹೊಡೆಯುತ್ತೇನೆ. ಓಡುತ್ತಿರುವ ಕ್ಯೂಎಮು ಸದ್ಯ ಏನು ಮಾಡುತ್ತಿದೆ ಅಂತ ಅದೇ ಹೇಳುತ್ತದೆ. ಅನ್‌ಸೇಫ್ ಇದ್ದರೆ "ರೈಟ್‌ಬ್ಯಾಕ್, ಇಗ್ನೋರ್ ಫ್ಲಶಸ್" ಅಂತ ಬರುತ್ತದೆ. ಫ್ಲಶ್ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಅಂತ ಅದೇ ಒಪ್ಪಿಕೊಳ್ಳುತ್ತದೆ, ಇದಕ್ಕಿಂತ ಸ್ಪಷ್ಟ ಏನು ಬೇಕು? ನೋ ಕ್ಯಾಶ್ ಇದ್ದರೆ "ರೈಟ್‌ಬ್ಯಾಕ್, ಡೈರೆಕ್ಟ್" ಅಂತ ಬರುತ್ತದೆ.

ಅದನ್ನು ನೋಡಿ ಬಹಳ ಜನ ಗಾಬರಿ ಬೀಳುತ್ತಾರೆ. ನಾನು ನೋ ಕ್ಯಾಶ್ ಅಂತ ಹಾಕಿದ್ದೀನಿ, ಇದು ರೈಟ್‌ಬ್ಯಾಕ್ ಅನ್ನುತ್ತಲ್ಲ ಅಂತ. ರೈಟ್‌ಬ್ಯಾಕ್ ಅಂದರೆ ಮೊದಲು ಕ್ಯಾಶ್‌ನಲ್ಲಿಟ್ಟುಕೊಂಡು ಆಮೇಲೆ ಬರೆಯುವುದು. ನೋ ಕ್ಯಾಶ್ ಅನ್ನೋ ಹೆಸರೇ ದಾರಿ ತಪ್ಪಿಸುವಂಥದ್ದು. ಅದು ತಪ್ಪಿಸುವುದು ಹೋಸ್ಟಿನ ಮೆಮೊರಿಯಲ್ಲಿರುವ ಕ್ಯಾಶನ್ನು ಮಾತ್ರ. ಎಸ್‌ಎಸ್‌ಡಿ ಒಳಗೆ ಅದರದೇ ಕ್ಯಾಶ್ ಇದ್ದೇ ಇರುತ್ತದೆ. ಹಾಗಾಗಿ ನೋ ಕ್ಯಾಶ್‌ನಲ್ಲೂ ಗೆಸ್ಟ್ ಫ್ಲಶ್ ಕಳಿಸಲೇಬೇಕು. ಗೆಸ್ಟ್‌ಗೆ ಅದು ಗೊತ್ತಾಗಲಿ ಅಂತಲೇ ಡಿಸ್ಕ್ ತನ್ನನ್ನು ರೈಟ್‌ಬ್ಯಾಕ್ ಅಂತ ಪರಿಚಯಿಸಿಕೊಳ್ಳುತ್ತದೆ.

ಇನ್ನೊಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದಿತ್ತು. ಲಿನಕ್ಸ್ ಹೋಸ್ಟ್ ತನ್ನ ಮೆಮೊರಿಯಲ್ಲಿರುವ ಹೊಸ ಡೇಟಾವನ್ನು ಮಾಮೂಲಿಯಾಗಿ 30 ಸೆಕೆಂಡ್ ಹಳೆಯದಾದ ಮೇಲೆ ಡಿಸ್ಕಿಗೆ ಬರೆಯಲು ಎತ್ತಿಕೊಳ್ಳುತ್ತದೆ. ಅಂದರೆ ಅನ್‌ಸೇಫ್‌ನಲ್ಲೂ ಹೋದದ್ದು ಅರ್ಧ ನಿಮಿಷದ ಲೆಕ್ಕ, ಹೆಚ್ಚೆಂದರೆ ಒಂದು ಬಿಲ್ಲು. ಒಂದು ಬಿಲ್ಲಿಗೆ ಇಡೀ ಡೇಟಾಬೇಸ್ ಯಾಕೆ ಬೀಳಬೇಕು?

ಯಾಕೆ ಅಂದರೆ, ಕಳೆದುಹೋಗುವುದು ಬೇರೆ, ಕೆಡುವುದು ಬೇರೆ. ಫ್ಲಶ್ ಅನ್ನೋದು ಬರೀ "ಬೇಗ ಬರಿ" ಅನ್ನುವ ಮಾತಲ್ಲ, "ಇದನ್ನು ಬರೆದ ಮೇಲೆ ಅದನ್ನು ಬರಿ" ಅನ್ನುವ ಮಾತೂ ಹೌದು. ಪೋಸ್ಟ್‌ಗ್ರೆಸ್ ಮೊದಲು ಲಾಗ್‌ನಲ್ಲಿ (ನಾನು ಓದಿದ ಸಂದೇಶಗಳ ಲಾಗ್ ಅಲ್ಲ, ಬದಲಾವಣೆಗಳನ್ನು ಮುಂಚೆಯೇ ಬರೆದಿಡುವ ಲಾಗ್) ಚೆಕ್‌ಪಾಯಿಂಟ್ ದಾಖಲೆ ಬರೆದು ಫ್ಲಶ್ ಮಾಡುತ್ತದೆ. ಆಮೇಲೆ ಕಂಟ್ರೋಲ್ ಫೈಲ್ ಅನ್ನೋ ಪುಟ್ಟ ಫೈಲಿನಲ್ಲಿ "ಚೆಕ್‌ಪಾಯಿಂಟ್ ಇಂಥ ಜಾಗದಲ್ಲಿದೆ" ಅಂತ ಬರೆಯುತ್ತದೆ. ಫ್ಲಶ್ ಕೇಳದ ಹೋಸ್ಟ್‌ಗೆ ಈ ಹಿಂದುಮುಂದು ಗೊತ್ತಿಲ್ಲ. ಅದು ತನಗೆ ಅನುಕೂಲವಾದ ಕ್ರಮದಲ್ಲಿ ಬರೆಯುತ್ತದೆ. ಕಂಟ್ರೋಲ್ ಫೈಲ್ ಡಿಸ್ಕಿಗೆ ಹೋಗಿ, ಲಾಗ್ ಮೆಮೊರಿಯಲ್ಲೇ ಉಳಿದಿದ್ದಾಗ ಕರೆಂಟ್ ಹೋದರೆ, ಎದ್ದ ಮೇಲೆ ಡೇಟಾಬೇಸ್ ಹೇಳಿದ ಜಾಗಕ್ಕೆ ಹೋಗಿ ಹುಡುಕುತ್ತದೆ, ಅಲ್ಲಿ ಏನೂ ಇರುವುದಿಲ್ಲ. ನಾನು ಓದಿದ ಪ್ಯಾನಿಕ್ ಸಾಲು ಇದೇ. ಗೆಸ್ಟ್‌ನ ಎಕ್ಸ್‌ಟಿ4 ಫೈಲ್‌ಸಿಸ್ಟಮ್ ತನ್ನ ಬದಲಾವಣೆಗಳನ್ನು ಮುಂಚೆ ಬರೆದಿಡುವ ಜರ್ನಲ್ ಕೂಡ ಇದೇ ಕ್ರಮವನ್ನು ನಂಬಿಕೊಂಡಿರುತ್ತದೆ.

ಇದಕ್ಕೆ ಎದುರಾಗಿ, ಪೋಸ್ಟ್‌ಗ್ರೆಸ್‌ನಲ್ಲಿ ಸಿಂಕ್ರೊನಸ್ ಕಮಿಟ್ ಆಫ್ ಮಾಡುವ ಸೌಲಭ್ಯ ಇದೆ, ಆಗ ಅದು ಡಿಸ್ಕ್ ಹೂಂ ಅನ್ನುವವರೆಗೆ ಕಾಯದೆ ಕಮಿಟ್ ಆಯ್ತು ಅನ್ನುತ್ತದೆ. ಕರೆಂಟ್ ಹೋದರೆ ಕೊನೆಯ ಸೆಕೆಂಡಿನೊಳಗಿನ ಕೆಲವು ಕಮಿಟ್ ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ, ಯಾಕೆಂದರೆ ಕ್ರಮ ತಪ್ಪುವುದಿಲ್ಲ. ವೇಗ ಬೇಕೇಬೇಕು ಅನ್ನುವವರು ಕೈಹಾಕಬೇಕಾದ್ದು ಅಲ್ಲಿಗೆ, ಅನ್‌ಸೇಫ್‌ಗೆ ಅಲ್ಲ. ದುಡ್ಡಿನ ಲೆಕ್ಕಕ್ಕೆ ನಾನು ಅದನ್ನೂ ಹಾಕುವುದಿಲ್ಲ.

ಇಷ್ಟು ಓದಿ ತಿಳಿದುಕೊಂಡ ಮೇಲೂ ಸಮಾಧಾನವಾಗಲಿಲ್ಲ. ಪುಸ್ತಕದ ಮಾತು ನಮ್ಮ ಡಿಸ್ಕಿಗೂ ನಿಜವಾ ಅಂತ ಕಣ್ಣಾರೆ ನೋಡಬೇಕಿತ್ತು. ಮಂಡಿಯಲ್ಲಿರುವ ಅದೇ ಮಾದರಿಯ ಇನ್ನೊಂದು ಎಸ್‌ಎಸ್‌ಡಿ ನನ್ನ ಹತ್ತಿರ ಇತ್ತು. ಹಳೇ ಡೆಸ್ಕ್‌ಟಾಪ್‌ಗೆ ಅದನ್ನು ಹಾಕಿ, ಪ್ರಾಕ್ಸ್‌ಮಾಕ್ಸ್ ಹಾಕಿ, ಒಂದು ಲಿನಕ್ಸ್ ವಿಎಂ ಮಾಡಿದೆ.

ಪರೀಕ್ಷೆಗೆ ಬಳಸಿದ್ದು ಡಿಸ್ಕ್‌ಚೆಕರ್ ಅನ್ನೋ ಪುಟ್ಟ ಪರ್ಲ್ ಸ್ಕ್ರಿಪ್ಟ್. ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಬರೆದದ್ದು, ಬಹಳ ಹಳೆಯದು. ಈ ಕೆಲಸಕ್ಕೆ ನನಗಂತೂ ಇದಕ್ಕಿಂತ ಒಳ್ಳೆಯದು ಬೇಕಾಗಲಿಲ್ಲ. ಅದರ ಉಪಾಯ ಸರಳ. ಕರೆಂಟ್ ಹೋಗದ ಇನ್ನೊಂದು ಯಂತ್ರ ಸಾಕ್ಷಿಯಾಗಿ ಕೂರಬೇಕು, ಇಲ್ಲಿ ನನ್ನ ಲ್ಯಾಪ್‌ಟಾಪ್. ವಿಎಂ ಒಳಗಿನ ಸ್ಕ್ರಿಪ್ಟ್ ಒಂದು ಫೈಲಿಗೆ ಬರೆಯುತ್ತದೆ, ಎಫ್‌ಸಿಂಕ್ ಮಾಡುತ್ತದೆ, ಡಿಸ್ಕ್ ಹೂಂ ಅಂದ ಮೇಲೆ "ಇದು ಬರೆದಾಯ್ತು" ಅಂತ ಸಾಕ್ಷಿಗೆ ಹೇಳುತ್ತದೆ. ನಡುವೆ ನಾವು ಪ್ಲಗ್ ಕೀಳಬೇಕು. ಮತ್ತೆ ಆನ್ ಮಾಡಿ, ಸಾಕ್ಷಿ ಹೇಳಿದ್ದೂ ಡಿಸ್ಕಿನಲ್ಲಿರುವುದೂ ತಾಳೆ ಆಗುತ್ತಾ ನೋಡಬೇಕು. ರೀಸೆಟ್ ಬಟನ್ ಒತ್ತಿದರೆ ಸಾಲದು, ಆಗ ಎಸ್‌ಎಸ್‌ಡಿಗೆ ಕರೆಂಟ್ ಇದ್ದೇ ಇರುತ್ತದೆ. ಗೋಡೆಯ ಸಾಕೆಟ್ಟಿನಿಂದಲೇ ಕಿತ್ತೆ.

ಐದು ಮೋಡ್, ಒಂದೊಂದಕ್ಕೆ ಮೂರು ಸಲ. ಒಂದು ಭಾನುವಾರ ಪೂರ್ತಿ ಇದೇ ಕೆಲಸ. ಪ್ರತಿ ಸಲ ವಿಎಂ ಪೂರ್ತಿ ನಿಲ್ಲಿಸಿ, ಶುರು ಮಾಡಿ, ಇನ್ಫೋ ಬ್ಲಾಕ್ ನೋಡಿಯೇ ಮುಂದುವರಿದೆ. ಅನ್‌ಸೇಫ್‌ನಲ್ಲಿ ಮೂರಕ್ಕೆ ಮೂರು ಸಲ ತಪ್ಪುಗಳು. ಒಂದು ಸಲವಂತೂ ಗೆಸ್ಟ್ ಬೂಟ್ ಆಗಲೇ ಇಲ್ಲ. ನೋ ಕ್ಯಾಶ್, ರೈಟ್‌ಥ್ರೂ (ಹೋಸ್ಟ್ ಕ್ಯಾಶ್ ಇದ್ದರೂ ಪ್ರತಿ ಬರಹ ಡಿಸ್ಕಿಗೆ ತಲುಪಿದ ಮೇಲೆಯೇ ಹೂಂ ಅನ್ನುವುದು), ಡೈರೆಕ್ಟ್‌ಸಿಂಕ್ (ಹೋಸ್ಟ್ ಕ್ಯಾಶ್ ಇಲ್ಲದೆ ಹಾಗೆಯೇ ಮಾಡುವುದು), ಮೂರರಲ್ಲೂ ಒಂದೂ ತಪ್ಪಿಲ್ಲ. ನಾನು ಕಾಯುತ್ತಿದ್ದದ್ದು ರೈಟ್‌ಬ್ಯಾಕ್‌ಗೆ. ಹೋಸ್ಟಿನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದಲ್ಲ, ಹೋಗಿಯೇ ಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಮೂರು ಸಲವೂ ಸೊನ್ನೆ ತಪ್ಪು. ಅದು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ನಿಜ, ಆದರೆ ಗೆಸ್ಟ್ ಫ್ಲಶ್ ಅಂದ ಕೂಡಲೇ ಡಿಸ್ಕಿಗೆ ಬರೆದೇ ಹೂಂ ಅನ್ನುತ್ತದೆ. ಹತ್ತು ಚೀಟಿ ಸೇರಿಸಿಕೊಂಡು ಏರಿಸುವ ನಮ್ಮ ಗುಮಾಸ್ತರ ಹಾಗೆ. ರೈಟ್‌ಬ್ಯಾಕ್ ಮತ್ತು ಅನ್‌ಸೇಫ್, ಹೆಸರಿನಲ್ಲಿ ಅಕ್ಕತಂಗಿಯರ ಹಾಗಿದ್ದರೂ ಗುಣದಲ್ಲಿ ಸಂಬಂಧವೇ ಇಲ್ಲ. 2012ರಲ್ಲಿ ಬಂದ ಕ್ಯೂಎಮು 1.2ರಿಂದ ರೈಟ್‌ಬ್ಯಾಕೇ ಅದರ ಮೂಲ ಮೋಡ್. ಸುಮ್ನೆ ಹಾಗೆ ಮಾಡಿಲ್ಲ ಅಲ್ವಾ? ಪ್ರಾಕ್ಸ್‌ಮಾಕ್ಸ್ ಮಾತ್ರ ನಾವೇನೂ ಹೇಳದಿದ್ದರೆ ನೋ ಕ್ಯಾಶ್ ಇಡುತ್ತದೆ.

ಸಂಜೆ ಹೊತ್ತಿಗೆ ಇನ್ನೊಂದು ಕೆಲಸ ಮಾಡಿದೆ. ಡ್ರಾಯರ್‌ನಲ್ಲಿ ಬಿದ್ದಿದ್ದ ಬೇರೆ ಒಂದು ಹಳೇ ಎಸ್‌ಎಸ್‌ಡಿ ತೆಗೆದು ಅದನ್ನೂ ಪರೀಕ್ಷೆಗೆ ಹಾಕಿದೆ. ಡೈರೆಕ್ಟ್‌ಸಿಂಕ್‌ನಲ್ಲೇ ಓಡಿಸಿದೆ. ಹೋಸ್ಟ್ ಕ್ಯಾಶ್ ಇಲ್ಲ, ಪ್ರತಿ ಬರಹಕ್ಕೂ ಸಿಂಕ್, ಐದರಲ್ಲಿ ಅತಿ ಕಟ್ಟುನಿಟ್ಟು ಅದು. ಮೂರನೇ ಸಲ ಪ್ಲಗ್ ಕಿತ್ತಾಗ ತಪ್ಪುಗಳು ಬಂದವು. ಮತ್ತೆ ಮಾಡಿದೆ, ಮತ್ತೆ ಬಂದವು. ಆ ಡಿಸ್ಕ್ ತಾನೇ ಸುಳ್ಳು ಹೇಳುತ್ತಿತ್ತು. ಮೇಲೆ ಯಾವ ಮೋಡ್ ಇಟ್ಟರೂ ಕೊನೆಯವನು ಸುಳ್ಳು ಹೇಳಿದರೆ ಮುಗೀತು. ಅದರ ಮೇಲೆ ಕೆಂಪು ಮಾರ್ಕರ್‌ನಲ್ಲಿ "ಲೆಕ್ಕಕ್ಕೆ ಬೇಡ" ಅಂತ ಬರೆದು ವಾಪಸ್ ಇಟ್ಟಿದ್ದೇನೆ.

ಮೋಡ್ ಆಯ್ಕೆ ಬಗ್ಗೆ ಈಗ ನನ್ನ ಅಭಿಪ್ರಾಯ ಹೀಗಿದೆ. ಡೇಟಾಬೇಸ್ ಇರುವ ವಿಎಂಗೆ ನೋ ಕ್ಯಾಶ್. ಗೆಸ್ಟಿಗೂ ತನ್ನ ಕ್ಯಾಶ್ ಇರುತ್ತದೆ, ಅದನ್ನೇ ಹೋಸ್ಟೂ ಇಟ್ಟುಕೊಂಡರೆ ಒಂದೇ ಡೇಟಾ ಎರಡು ಕಡೆ ಮೆಮೊರಿ ತಿನ್ನುತ್ತದೆ. ರೈಟ್‌ಬ್ಯಾಕ್‌ನಲ್ಲಿ ಇನ್ನೊಂದು ತೊಂದರೆ, ಬರೆಯದ ಡೇಟಾ ರಾಶಿ ಬಿದ್ದಾಗ ಫ್ಲಶ್ ಬಂದರೆ ಬಿಲ್ಲು ಒಂದೆರಡು ಸೆಕೆಂಡ್ ನಿಂತುಬಿಡುತ್ತದೆ. ಫ್ಲಶ್ಶೇ ಕಳಿಸಲು ಬಾರದ ತೀರಾ ಹಳೇ ಗೆಸ್ಟ್ ಇದ್ದರೆ ರೈಟ್‌ಥ್ರೂ, ನಿಧಾನವಾದರೂ ಸರಿ. ಅನ್‌ಸೇಫ್, ಕೆಟ್ಟರೆ ಬಿಸಾಡಬಹುದಾದ ವಿಎಂಗೆ ಮಾತ್ರ.

ಅಂದಹಾಗೆ ಆ ಜನವರಿಯ ಕೆಲಸಕ್ಕೂ ಅನ್‌ಸೇಫ್ ಬೇಕಿರಲಿಲ್ಲ. ಸಾವಿರ ಸಾಲಿಗೆ ಒಂದು ಕಮಿಟ್ ಅಂತ ಸ್ಕ್ರಿಪ್ಟ್ ತಿದ್ದಿ, ನೋ ಕ್ಯಾಶ್‌ನಲ್ಲೇ ಅದೇ 20 ಲಕ್ಷ ಸಾಲು ತುಂಬಿ ನೋಡಿದೆ. ಐದು ನಿಮಿಷ ಕೂಡ ಆಗಲಿಲ್ಲ. 20 ಲಕ್ಷ ಫ್ಲಶ್ ಇದ್ದದ್ದು ಎರಡು ಸಾವಿರಕ್ಕೆ ಇಳಿಯಿತಲ್ಲ.

ವಿಂಡೋಸ್ ವಿಎಂ ಕೂಡ ನೋಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ಪಾಲಿಸೀಸ್ ಪುಟ ತೆರೆದರೆ, ರೈಟ್ ಕ್ಯಾಶ್ ಬಫರ್ ಫ್ಲಶಿಂಗ್ ಆಫ್ ಮಾಡುವ ಒಂದು ಟಿಕ್ ಇದೆ. ಅದನ್ನು ಹಾಕಿದ್ದರೆ ಗೆಸ್ಟೇ ಫ್ಲಶ್ ಕಳಿಸುವುದಿಲ್ಲ, ಕೆಳಗೆ ಏನಿದ್ದರೂ ವ್ಯರ್ಥ. ಪುಣ್ಯಕ್ಕೆ ಹಾಕಿರಲಿಲ್ಲ. ಲಿನಕ್ಸ್ ವಿಎಂನ ಫೈಲ್‌ಸಿಸ್ಟಮ್‌ಗೆ ಯಾರೂ ಫ್ಲಶ್ ಕಳಿಸಬೇಡ ಅನ್ನುವ ನೋ ಬ್ಯಾರಿಯರ್ ಆಯ್ಕೆ ಕೊಟ್ಟಿಲ್ಲ, ಪೋಸ್ಟ್‌ಗ್ರೆಸ್‌ನ ಎಫ್‌ಸಿಂಕ್ ಆನ್ ಇದೆ ಅಂತಲೂ ಖಾತ್ರಿ ಮಾಡಿಕೊಂಡೆ.

ಮಂಡಿಗೆ ಎರಡು ಖರ್ಚು ಮಾಡಿಸಿದೆ. ಯುಪಿಎಸ್ ಬ್ಯಾಟರಿ ಹೊಸದು ಹಾಕಿಸಿ, ಯುಎಸ್‌ಬಿ ಕೇಬಲ್ ಎಳೆದು, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿದೆ. ಬ್ಯಾಟರಿ ಇಳಿದರೆ ಸರ್ವರ್ ತಾನೇ ಕ್ರಮವಾಗಿ ನಿಲ್ಲುತ್ತದೆ. ಎರಡನೆಯದು, ಒಳಗೆ ಕೆಪಾಸಿಟರ್ ಇರುವ ಸರ್ವರ್ ದರ್ಜೆಯ ಎಸ್‌ಎಸ್‌ಡಿ. ಕರೆಂಟ್ ಹೋದರೂ ತನ್ನ ಕ್ಯಾಶ್‌ನಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಆ ಕೆಪಾಸಿಟರ್‌ಗಳಲ್ಲಿರುತ್ತದೆ. ಆ ಧೈರ್ಯದ ಮೇಲೆ ಅದು ಫ್ಲಶ್‌ಗೆ ತಕ್ಷಣ ಹೂಂ ಅನ್ನಬಹುದು, ಮತ್ತು ಆ ಹೂಂ ನಿಜವಾಗಿರುತ್ತದೆ. ಸೆಕೆಂಡಿಗೆ 300 ಇದ್ದ ಫ್ಲಶ್ ಈಗ ಸಾವಿರಗಳಲ್ಲಿದೆ. ವೇಗಕ್ಕೆ ಅಂತ ನಾನು ಜನವರಿಯಲ್ಲಿ ಮಾಡಿದ್ದಕ್ಕಿಂತ ಇದು ಎಷ್ಟೋ ಮೇಲು.

ಒಂದು ರಜೆ ದಿನ ಮಂಡಿಯಲ್ಲೇ ಕೊನೆಯ ಪರೀಕ್ಷೆ ಇಟ್ಟುಕೊಂಡೆ. ಮೊದಲು ಬ್ಯಾಕಪ್ ತೆಗೆದೆ. ಇನ್ಫೋ ಬ್ಲಾಕ್ ನೋಡಿದೆ, "ರೈಟ್‌ಬ್ಯಾಕ್, ಡೈರೆಕ್ಟ್". ಯುಪಿಎಸ್ ಬಿಡಿಸಿ ಸರ್ವರನ್ನು ನೇರ ಗೋಡೆಗೆ ಹಾಕಿದೆ. ಗುಮಾಸ್ತರು ಒಂದು ಚೀಟಿ ಬರೆದರು, ಅಚ್ಚು ಬೆಲ್ಲ, 88 ಕೆಜಿ. ಅದನ್ನು ಕಂಪ್ಯೂಟರಿಗೆ ಹೊಡೆದು ಎಂಟರ್ ಒತ್ತಿದರು. ಸೇವ್ ಆಯ್ತು ಅಂತ ಬರುತ್ತಿದ್ದ ಹಾಗೇ ನಾನು ಮಾವನಿಗೆ ಕೈ ಮಾಡಿದೆ. ಮಾವ ಪ್ಲಗ್ ಕಿತ್ತರು. ಫ್ಯಾನಿನ ಸದ್ದು ಇಳಿದು ಮಂಡಿ ಪೂರ್ತಿ ಸುಮ್ಮನಾಯಿತು.

ಮತ್ತೆ ಹಾಕಿದೆವು. ಲಾಗ್‌ನಲ್ಲಿ ಪೋಸ್ಟ್‌ಗ್ರೆಸ್ ತನ್ನ ಹಳೇ ದಾಖಲೆ ಓದಿಕೊಂಡು ಸರಿಮಾಡಿಕೊಂಡ ಸಾಲುಗಳು ಬಂದವು, ಪ್ಯಾನಿಕ್ ಇರಲಿಲ್ಲ. ಪೇಜ್ ತೆರೆಯಿತು. ಮೂರು ಸಲ ಹೀಗೆ ಮಾಡಿದೆವು, ಮೂರು ಚೀಟಿ, ಮೂರು ಬಿಲ್ಲು.

"ಈಗ ಬರ್ಕೊಂಡೈತಾ?" ಮಾವ ಕೇಳಿದರು.

"ಬರ್ಕೊಂಡಿದೆ ಮಾವ. ನೀವೇ ನೋಡಿ."

ಗುಮಾಸ್ತರು ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಸ್ಕ್ರೀನಿನ ಪಕ್ಕ ಹಿಡಿದು, ನಂಬರು, ತೂಕ, ರೇಟು ಬೆರಳಿಟ್ಟು ತಾಳೆ ನೋಡಿದರು. ಮೂರೂ ನೋಡಿದ ಮೇಲೆ ಎದ್ದು ಹೋಗಿ ಚೀಟಿಗಳನ್ನು ತಂತಿಗೆ ಚುಚ್ಚಿದರು.